ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡುವ ಮುನ್ನ ಗಡಿಯಾರ ನೋಡಿ

ರಾತ್ರಿ ರೈಲು ಹತ್ತಿ ಬಂದು ಬೆಳಗ್ಗೆ ಐದೂವರೆಗೆ ಬೆಂಗಳೂರು ಸಿಟಿ ಸ್ಟೇಷನ್‌ನಲ್ಲಿ ಇಳಿದಿದ್ದೀರಿ. ಹತ್ತೂವರೆಗೆ ಇಂಟರ್‌ವ್ಯೂ ಇದೆ, ಇಲ್ಲವೇ ಆಸ್ಪತ್ರೆ. ಸ್ನಾನ ಆಗಬೇಕು, ಸ್ವಲ್ಪ ಹೊತ್ತು ಅಡ್ಡಾಗಬೇಕು. ಹೊರಗೆ ಕಾಲಿಟ್ಟರೆ ಸಾಕು, "ರೂಮ್ ಬೇಕಾ ಸಾರ್?" ಎಂದು ನಾಲ್ಕು ಜನ ಹಿಂದೆ ಬೀಳುತ್ತಾರೆ. ಬೇಡ ಎಂದು ಹೇಳಿ ಸುಮ್ನೆ ನಡೆಯಿರಿ. ಅವರ ಕಮಿಷನ್ ಬರುವುದು ನಿಮ್ಮ ಬಾಡಿಗೆಯಿಂದಲೇ.

ಊರಿಂದ ಹೊರಡುವ ಮೊದಲೇ ಒಂದು ಕೆಲಸ ಮುಗಿಸಿಕೊಳ್ಳಿ. ಟಿಕೆಟ್‌ನಲ್ಲಿ ಸ್ಟೇಷನ್ ಯಾವುದು ಎಂದು ಎರಡು ಸಲ ನೋಡಿ. ಕೆಎಸ್‌ಆರ್ ಬೆಂಗಳೂರು ಎಂದಿದ್ದರೆ ಮೆಜೆಸ್ಟಿಕ್ ಎದುರಿನ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಅದೇ ಸಿಟಿ ಸ್ಟೇಷನ್. ಎಸ್‌ಎಂವಿಟಿ (ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್) ಎಂದಿದ್ದರೆ ಅದು ಬೈಯಪ್ಪನಹಳ್ಳಿ ಕಡೆ, ಊರಿನ ಇನ್ನೊಂದು ಮೂಲೆ. ಎಷ್ಟೋ ರೈಲುಗಳು ಈಗ ಅಲ್ಲಿಂದ, ಇಲ್ಲವೇ ಯಶವಂತಪುರದಿಂದ ಹೊರಡುತ್ತವೆ. ಮೆಜೆಸ್ಟಿಕ್‌ನಲ್ಲಿ ರೂಮ್ ಮಾಡಿ, ಬೆಳಗಿನ ಜಾವ ಬೈಯಪ್ಪನಹಳ್ಳಿಗೆ ಆಟೋ ಹುಡುಕುವ ಪಾಡು ಯಾರಿಗೂ ಬೇಡ.

ಇನ್ನು ಮುಖ್ಯ ವಿಷಯ. ಸ್ಟೇಷನ್ ಪಕ್ಕದ ಲಾಡ್ಜ್‌ನಲ್ಲಿ ನೀವು ಕೊಳ್ಳುವುದು ಗಂಟೆಗಳನ್ನು. ಮಂಚ, ಟಿವಿ ಎಲ್ಲ ಆಮೇಲೆ. ಲಾಡ್ಜ್‌ಗಳಲ್ಲಿ ಎರಡು ಜಾತಿ. ಒಂದು '24 ಗಂಟೆ ಚೆಕ್ ಔಟ್': ಬೆಳಗ್ಗೆ ಆರಕ್ಕೆ ಬಂದರೆ ಮರುದಿನ ಆರರವರೆಗೆ ರೂಮ್ ನಿಮ್ಮದು. ಇನ್ನೊಂದು 'ಮಧ್ಯಾಹ್ನ 12': ನೀವು ಯಾವಾಗಲೇ ಬನ್ನಿ, ಹನ್ನೆರಡು ಹೊಡೆದರೆ ದಿನ ಮುಗಿಯಿತು. ಇಂಥ ಕಡೆ ಬೆಳಗ್ಗೆ ಆರಕ್ಕೆ ಹೋದವರಿಗೆ ಒಂದು ದಿನದ ಬಾಡಿಗೆಗೆ ಸಿಗುವುದು ಆರೇ ಗಂಟೆ.

ನನಗೆ ಈ ಪಾಠ ಆದದ್ದು ರೂಮ್ ಬುಕ್ ಮಾಡುವ ಆಪ್‌ನಿಂದ. ಹುಬ್ಬಳ್ಳಿಯಿಂದ ಹೊರಡುವಾಗ ಮರುದಿನದ ತಾರೀಕು ಹಾಕಿ ಬುಕ್ ಮಾಡಿದ್ದೆ. ದುಡ್ಡೂ ಕಟ್ಟಿದ್ದೆ. ಬೆಳಗ್ಗೆ ಆರಕ್ಕೆ ಹೋದರೆ ಮ್ಯಾನೇಜರ್ ಆಕಳಿಸುತ್ತಾ, "ನಿಮ್ ಚೆಕ್ ಇನ್ ಹನ್ನೆರಡಕ್ಕೆ ಸಾರ್. ಈಗ್ಲೇ ಬೇಕು ಅಂದ್ರೆ ಇನ್ನರ್ಧ ದಿನದ್ದು ಕೊಡಿ" ಎಂದರು. ತಪ್ಪು ಅವರದೂ ಅಲ್ಲ. ಸಣ್ಣ ಅಕ್ಷರ ಓದದವನು ನಾನು. ಈಗ ಬುಕ್ ಮಾಡುವ ಮೊದಲು ಲಾಡ್ಜ್‌ಗೇ ಫೋನ್ ಹಾಕಿ ಒಂದೇ ಪ್ರಶ್ನೆ ಕೇಳುತ್ತೇನೆ: "ಬೆಳಗ್ಗೆ ಆರಕ್ಕೆ ಬರ್ತೀನಿ, ಎಷ್ಟು ಗಂಟೆಗೆ ಖಾಲಿ ಮಾಡ್ಬೇಕು?"

ಲಾಡ್ಜ್ ಎಲ್ಲಿ ಹುಡುಕುವುದು? ಸ್ಟೇಷನ್ ಮುಂದಿನದು ಗುಬ್ಬಿ ತೋಟದಪ್ಪ ರಸ್ತೆ. ತೋಟದಪ್ಪನವರ ಛತ್ರ ಅಲ್ಲೇ ಇದೆ. ರೈಲಿಳಿದು ಬಂದವರಿಗೆ ತಂಗಲು ಜಾಗ ಬೇಕೆಂದು ಅವರು ನೂರು ವರ್ಷಕ್ಕೂ ಹಿಂದೆಯೇ ಯೋಚಿಸಿದ್ದರು ನೋಡಿ. ಆಗ ಈಗಿನ ಬಸ್ ನಿಲ್ದಾಣದ ಜಾಗ ಧರ್ಮಾಂಬುಧಿ ಕೆರೆ! ಬಸ್ ನಿಲ್ದಾಣ ದಾಟಿದರೆ ಗಾಂಧಿನಗರ, ಸುಬೇದಾರ್ ಛತ್ರಂ ರಸ್ತೆ. ಲಾಡ್ಜ್‌ಗಳು ಜಾಸ್ತಿ ಇರುವುದು ಇಲ್ಲೇ. ಇನ್ನೊಂದು ಕಡೆ ಕಾಟನ್‌ಪೇಟೆ, ಚಿಕ್ಕಪೇಟೆ. ಅಂಗಡಿಗೆ ಮಾಲು ತೆಗೆಯಲು ಬರುವವರು ಅತ್ತ ಉಳಿಯುತ್ತಾರೆ. ಯಾವ ಬೀದಿಯಾದರೂ ರಸ್ತೆ ಕಡೆಯ ರೂಮ್ ಬೇಡ ಎನ್ನಿ. ಬಸ್ಸಿನ ಹಾರ್ನ್ ರಾತ್ರಿಯೂ ನಿಲ್ಲುವುದಿಲ್ಲ.

ದುಡ್ಡು ಕೊಡುವ ಮೊದಲು ರೂಮ್ ನೋಡಿ. "ರೂಮ್ ತೋರಿಸಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ರೂಮ್ ಬಾಯ್ ಮೊದಲು ಟಿವಿ ಹಾಕಿ ತೋರಿಸುತ್ತಾನೆ. ನೀವು ಸೀದಾ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ. ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ. "ಆರರಿಂದ ಒಂಬತ್ತು" ಎಂದರೆ ಒಂಬತ್ತೂಕಾಲಿಗೆ ತಣ್ಣೀರೇ ಗತಿ. ಫ್ಲಶ್ ಒತ್ತಿ. ಒಳಗಿನ ಚಿಲಕ ಹಾಕಿ, ಬಾಗಿಲನ್ನು ಒಮ್ಮೆ ಎಳೆದು ನೋಡಿ. ದಿಂಬು ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯ ಮೇಲೆ ಮೊಬೈಲ್ ಟಾರ್ಚ್ ಬಿಡಿ. ಸಾಸಿವೆ ಕಾಳಿನಂಥ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ತಿಗಣೆ ಇದೆ ಎಂದೇ ಲೆಕ್ಕ. ಬೇರೆ ರೂಮ್ ಕೇಳಬೇಡಿ, ಬೇರೆ ಲಾಡ್ಜ್‌ಗೇ ಹೋಗಿ. ತಿಗಣೆ ಬ್ಯಾಗಿನಲ್ಲಿ ಕೂತು ನಿಮ್ಮ ಜೊತೆ ಊರಿಗೂ ಬರುತ್ತದೆ.

ರೂಮ್ ಒಪ್ಪಿಗೆಯಾದರೆ ರಿಜಿಸ್ಟರ್. ಎಲ್ಲಿಂದ ಬಂದಿರಿ, ಯಾವ ಕೆಲಸ, ಎಷ್ಟು ಜನ ಎಂದೆಲ್ಲ ಬರೆದು ಸಹಿ ಹಾಕಬೇಕು. ಜೊತೆಗಿರುವ ಎಲ್ಲರ ಗುರುತಿನ ಚೀಟಿಯೂ ಬೇಕು. ಆಧಾರ್ ಕಾಪಿ ಕೊಡಲು ಮನಸ್ಸಿಲ್ಲದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಸಿಗುತ್ತದೆ, ಅದನ್ನು ಮೊದಲೇ ಇಳಿಸಿಕೊಂಡಿರಿ. ಬೆಂಗಳೂರು ವಿಳಾಸದ ಆಧಾರ್ ಕಂಡರೆ ಕೆಲವು ಕಡೆ ರೂಮೇ ಕೊಡುವುದಿಲ್ಲ, ಅದನ್ನೂ ಫೋನಿನಲ್ಲೇ ಕೇಳಿಬಿಡಿ. ಬಿಲ್ ತಗೊಳ್ಳಿ. 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5. ಇನ್ನೂ ಹಳೆಯ ಶೇ 12 ಹಾಕಿದ್ದರೆ ಕೇಳಿ. ಅಡ್ವಾನ್ಸ್ ಕೊಟ್ಟರೆ ಅದಕ್ಕೂ ರಸೀದಿ ಇರಲಿ.

ನಿಜ ಹೇಳಬೇಕೆಂದರೆ, ಬರೀ ಸ್ನಾನ ಮಾಡಿ ಬಟ್ಟೆ ಬದಲಿಸಲು ಲಾಡ್ಜ್ ದುಬಾರಿಯೇ. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ ಸ್ಟೇಷನ್ನಿನಲ್ಲೇ ತಂಗಲು ಇರುವ ರಿಟೈರಿಂಗ್ ರೂಮನ್ನೋ ಡಾರ್ಮಿಟರಿ ಹಾಸಿಗೆಯನ್ನೋ ಐಆರ್‌ಸಿಟಿಸಿಯಲ್ಲಿ ಪಿಎನ್‌ಆರ್ ಕೊಟ್ಟು 12 ಗಂಟೆಗಳ ಅವಧಿಗೆ ಬುಕ್ ಮಾಡಬಹುದು. ಬೇಗ ಖಾಲಿಯಾಗುತ್ತವೆ, ಟಿಕೆಟ್ ಸಿಕ್ಕ ದಿನವೇ ನೋಡಿ. ಸಾಮಾನು ಮಾತ್ರ ಇಡಬೇಕಾದರೆ ಕ್ಲೋಕ್ ರೂಮ್ ಇದೆ. ಬ್ಯಾಗಿಗೆ ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ವಾಪಸ್ ಹೋಗುವ ರೈಲು ಬೆಳಗಿನ ಜಾವದ್ದಾದರೆ, ಧಾರವಾಡದ ವಂದೇ ಭಾರತ್‌ನಂತೆ ಆರಕ್ಕೂ ಮೊದಲೇ ಹೊರಡುವುದಾದರೆ, ರಾತ್ರಿಯೇ ಲೆಕ್ಕ ಚುಕ್ತಾ ಮಾಡಿ ಮಲಗಿ. ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಕೌಂಟರಿನಲ್ಲಿ ಹೇಳಿದರೆ ಸಾಲದು, ರೂಮ್ ಬಾಯ್‌ಗೂ ಹೇಳಿ. ಸಣ್ಣ ಲಾಡ್ಜ್‌ಗಳಲ್ಲಿ ರಾತ್ರಿ ಗ್ರಿಲ್ ಗೇಟಿಗೆ ಬೀಗ ಬೀಳುತ್ತದೆ. ರಿಸೆಪ್ಷನ್ ನೆಲದ ಮೇಲೆ ಚಾಪೆ ಹಾಸಿ, ತಲೆ ತುಂಬ ಮುಸುಕೆಳೆದು ಮಲಗಿರುವವನು ಅವನೇ. ಕೀ ಇರುವುದು ಅವನ ದಿಂಬಿನ ಕೆಳಗೆ.