ಏಳು ನಿಮಿಷದ ಲ್ಯಾಪ್‌ಟಾಪ್

ಬೆಳಗ್ಗೆ ಅಂಗಡಿ ಷಟರ್ ಎತ್ತಿದ ಕೂಡಲೇ ಮೊದಲು ಲ್ಯಾಪ್‌ಟಾಪ್ ಆನ್ ಮಾಡುತ್ತಿದ್ದೆ. ಆಮೇಲೆ ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ದೇವರ ಫೋಟೊಗೆ ಊದುಬತ್ತಿ ಹಚ್ಚಿ, ಎದುರಿನ ಹೋಟೆಲಿಂದ ಚಹಾ ತರಿಸಿ ಕೂತರೂ ಪರದೆ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಒಂದು ದಿನ ಮೊಬೈಲಿನಲ್ಲಿ ಟೈಮ್ ಇಟ್ಟು ನೋಡಿದೆ. ಏಳು ನಿಮಿಷ. ಕಾರ್ಡು ವಿನ್ಯಾಸ ಮಾಡುವ ಕೋರೆಲ್ ಡ್ರಾ ತೆರೆಯಲು ಇನ್ನೂ ಎರಡು.

ದಾವಣಗೆರೆಯ ನಿಟುವಳ್ಳಿ ಕಡೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಮಕ್ಕಳ ಪ್ರಾಜೆಕ್ಟು, ಅರ್ಜಿ ಟೈಪಿಂಗು. ಲ್ಯಾಪ್‌ಟಾಪ್ 2014ರದ್ದು. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, ತೆರೆದ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಬಂದಾಗ ವಿಂಡೋಸ್ 8.1 ಇತ್ತು, ಆಮೇಲೆ ಪುಕ್ಕಟೆ ಅಂತ 10 ಹಾಕಿಕೊಂಡೆ.

2025ರ ಬೇಸಿಗೆ, ಲಗ್ನದ ಸೀಸನ್. ಕಾರ್ಡು ಮಾಡಿಸಲು ಬಂದವರು ಬೆಂಚಿನ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಾ, "ಏನ್ ಅಕ್ಕಾರೆ, ನಿಮ್ಮ ಕಂಪ್ಯೂಟರಿಗೂ ಬಿಸಿಲು ಹೊಡದೈತೇನ್ರಿ?" ಅಂತ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಒಂದು ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಮುಚ್ಚಳ ತೆಗೆದೂ ನೋಡಲಿಲ್ಲ. "ಹಳೇದಾತು ಮೇಡಂ, ಹೊಸದು ತಗೊಳ್ರಿ. ನಿಮ್ಮ ಮನೆಯವರನ್ನ ಕಳಿಸ್ರಿ, ಅವರಿಗೆ ಹೇಳ್ತೀನಿ" ಅಂದ. ನಮ್ಮ ಮನೆಯವರಿಗೆ ಟಿವಿ ರಿಮೋಟಿನ ಸೆಲ್ ಬದಲಿಸಲೂ ನಾನೇ ಬೇಕು. ಸುಮ್ನೆ ಎದ್ದು ಬಂದೆ. ಇಂಜಿನಿಯರಿಂಗ್ ಓದುವ ಅಕ್ಕನ ಮಗನನ್ನು ಕೇಳಿದರೆ ಅವನದು ಇನ್ನೊಂದು ದಾರಿ. "ಚಿಕ್ಕಮ್ಮ, ಗೇಮಿಂಗ್ ಲ್ಯಾಪ್‌ಟಾಪ್ ತಗೋ, ಎಪ್ಪತ್ತು ಸಾವಿರದಿಂದ ಶುರು." ಅವನದೇ ಒಂದಿದೆ, ಕೀಲಿಮಣೆ ತುಂಬ ಬಣ್ಣದ ದೀಪ, ದುಗ್ಗಮ್ಮನ ಜಾತ್ರೆ ನೋಡಿದ ಹಾಗೆ. ಫ್ಯಾನ್ ಸದ್ದಿಗೆ ಪಕ್ಕದಲ್ಲಿ ಮಾತಾಡಿದ್ದು ಕೇಳುವುದಿಲ್ಲ. ಲಗ್ನಪತ್ರಿಕೆಯ ಗಣಪತಿ ಚಿತ್ರ ಕೂರಿಸಲು ಅದೆಲ್ಲ ಯಾಕೆ ಬೇಕು ಹೇಳಿ?

ಆದರೆ ಅವನಿಂದ ಒಂದು ಉಪಕಾರ ಆಯಿತು. ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡುವುದನ್ನು ಕಲಿಸಿದ. ಪ್ರೊಸೆಸರ್ ನೋಡಿದರೆ ಬರೀ 12 ಪರ್ಸೆಂಟ್, ಆರಾಮಾಗಿ ಕೂತಿದೆ. ರ‍್ಯಾಮ್ 80ರ ಮೇಲೆ. ಡಿಸ್ಕ್ ಮಾತ್ರ 100, ಅಲ್ಲಿಂದ ಕೆಳಗೆ ಇಳಿಯುತ್ತಲೇ ಇಲ್ಲ. ಮುದುಕಾಗಿದ್ದು ಇಡೀ ಮಷೀನಲ್ಲ, ಒಳಗಿನ ಒಂದು ಸಾಮಾನು ಅಷ್ಟೇ ಅಂತ ಅವತ್ತೇ ಅನ್ನಿಸಿತು.

ಹಾರ್ಡ್ ಡಿಸ್ಕ್ ಒಳಗೆ ನಿಜವಾಗಿಯೂ ಒಂದು ತಟ್ಟೆ ತಿರುಗುತ್ತಿರುತ್ತದೆ. ನನ್ನದರಲ್ಲಿ ನಿಮಿಷಕ್ಕೆ 5,400 ಸುತ್ತು. ಅದರ ಮೇಲೆ ಒಂದು ತೋಳು ಓಡಾಡಿ ಓದಬೇಕು. ಒಂದೇ ದೊಡ್ಡ ಫೈಲ್ ಆದರೆ ಪರವಾಗಿಲ್ಲ. ವಿಂಡೋಸ್ ಏಳುವಾಗ ಬೇಕಾಗುವುದು ಸಾವಿರಾರು ಸಣ್ಣ ಸಣ್ಣ ಫೈಲು, ಒಂದೊಂದೂ ಒಂದೊಂದು ಮೂಲೆಯಲ್ಲಿ. ಮಂಡಿಪೇಟೆಯಲ್ಲಿ ಒಬ್ಬನೇ ಹಮಾಲಿಗೆ ನೂರು ಗೋಡೌನಿಂದ ಒಂದೊಂದು ಚೀಲ ತಾ ಅಂದ ಹಾಗೆ. ಅವನು ಹೊರುವುದಕ್ಕಿಂತ ನಡೆಯುವುದೇ ಜಾಸ್ತಿ. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಓಡಾಡುವ ತೋಳೂ ಇಲ್ಲ. ಎಲ್ಲವೂ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿ.

ಮೊದಲು ಮಾಡಿದ್ದು ಬ್ಯಾಕಪ್. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿದರೆ ಹಳದಿ ಬಣ್ಣದಲ್ಲಿ ಎಚ್ಚರಿಕೆ ಕೊಟ್ಟಿತು. ಓದಲಾಗದ ಜಾಗಗಳು ಶುರುವಾಗಿದ್ದವು. ಹತ್ತು ವರ್ಷದ ಗಿರಾಕಿಗಳ ಫೈಲೆಲ್ಲ ಅದರಲ್ಲೇ ಇದ್ದವು ನೋಡಿ, ಎದೆ ಧಸಕ್ ಅಂದಿತು. 180 ಜಿಬಿಯನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಲು ಒಂದಿಡೀ ರಾತ್ರಿ ಬೇಕಾಯಿತು. ಕರೆಂಟ್ ಹೋದರೆ ಅಂತ ಯುಪಿಎಸ್‌ಗೆ ಹಾಕಿ, ಅಲ್ಲೇ ಪಕ್ಕದಲ್ಲಿ ಕಾರ್ಡಿನ ಲಕೋಟೆ ಮಡಚುತ್ತಾ ಕೂತಿದ್ದೆ. ಫಾಂಟ್ಸ್ ಫೋಲ್ಡರನ್ನು ಮರೆಯದೆ ಎತ್ತಿಟ್ಟುಕೊಂಡೆ. ನಮ್ಮ ಕಸುಬಿನಲ್ಲಿ ಫಾಂಟ್ ಹೋದರೆ ಫೈಲ್ ಇದ್ದೂ ಇಲ್ಲದ ಹಾಗೆ. ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಅಕ್ಷರದಲ್ಲಿ ಮಾಡಿದ ಕಾರ್ಡನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧು-ವರರ ಹೆಸರಿರುವ ಜಾಗದಲ್ಲಿ ತಲೆ ಮೇಲೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ.

480 ಜಿಬಿಯ ಎಸ್‌ಎಸ್‌ಡಿಗೆ 2,600 ರೂಪಾಯಿ ಕೊಟ್ಟೆ. ಎರಡೂವರೆ ಇಂಚಿನ ಸಾಟಾ ಮಾದರಿಯದು. ಹಳೇ ಲ್ಯಾಪ್‌ಟಾಪಿಗೆ ಆಗುವುದು ಅದೇ, ಸಣ್ಣ ಪಟ್ಟಿಯಂಥ ಹೊಸ ನಮೂನೆಯದಲ್ಲ.

ರ‍್ಯಾಮಿನಲ್ಲಿ ಮಾತ್ರ ಬೇಸ್ತು ಬಿದ್ದೆ. ಅದನ್ನೂ ಹೆಚ್ಚಿಸೋಣ ಅಂತ ಹೋಗಿ "ಡಿಡಿಆರ್3, 8 ಜಿಬಿ ಕೊಡಿ" ಅಂದೆ, ಕೊಟ್ಟರು. ಮನೆಗೆ ತಂದು ಹಾಕಿದರೆ ಪರದೆ ಕಪ್ಪು, ದೀಪ ಮಾತ್ರ ಉರಿಯುತ್ತಿದೆ. ಹೆದರಿ ಹಳೇದನ್ನೇ ಹಾಕಿದೆ, ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಕನ್ನಡಕ ಹಾಕಿಕೊಂಡು ಚೀಟಿ ಓದಿದೆ. ಹಳೇದರ ಮೇಲೆ ಪಿಸಿ3 ಆದಮೇಲೆ ಒಂದು ‘ಎಲ್’ ಇದೆ, ಹೊಸದರ ಮೇಲೆ ಇಲ್ಲ. ಆ ಒಂದಕ್ಷರವೇ ಎಡವಟ್ಟು. ಎಲ್ ಇರುವುದು 1.35 ವೋಲ್ಟಿನದು, ಇಲ್ಲದ್ದು 1.5 ವೋಲ್ಟಿನದು. ನನ್ನ ಮಷೀನಿಗೆ ಕಡಿಮೆ ವೋಲ್ಟಿನದೇ ಆಗಬೇಕು. ತಮಾಷೆ ಅಂದರೆ ಎರಡಕ್ಕೂ ಕಚ್ಚು ಇರುವ ಜಾಗ ಒಂದೇ, ಆದ್ದರಿಂದ ಸಲೀಸಾಗಿ ಕೂರುತ್ತದೆ. ಕೂತ ಮಾತ್ರಕ್ಕೆ ಹೊಂದಿತು ಅಂತಲ್ಲ. ಅಂಗಡಿಯವರು "ಕವರ್ ಒಡದೀರಿ" ಅಂತ ವಾಪಸ್ ತಗೊಳ್ಳಲಿಲ್ಲ. 1,100 ರೂಪಾಯಿ ಹೋಯಿತು. ಎರಡನೇ ಸಲ ಹಳೇ ರ‍್ಯಾಮನ್ನೇ ಪೇಪರಿನಲ್ಲಿ ಸುತ್ತಿ ಒಯ್ದು, "ಇದರ ಜೋಡಿ ಕೊಡ್ರಿ" ಅಂದೆ. ರವಿಕೆ ಬಟ್ಟೆಗೆ ಸೀರೆ ತುಂಡು ಒಯ್ದ ಹಾಗೆ.

ಇನ್ನು ಬಿಚ್ಚುವ ಕೆಲಸ. ಭಾನುವಾರ ಮಧ್ಯಾಹ್ನ, ಊಟ ಆದಮೇಲೆ, ಅಂಗಡಿಯ ಕಟಿಂಗ್ ಟೇಬಲ್ ಮೇಲೆ. ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಮೈಯಲ್ಲಿರುವ ಕರೆಂಟ್ ಇಳಿಯಲಿ ಅಂತ ಕಬ್ಬಿಣದ ಕಿಟಕಿ ಸರಳು ಮುಟ್ಟಿದೆ.

ಲ್ಯಾಪ್‌ಟಾಪಿನ ಅಡಿಯಲ್ಲಿ ಹದಿಮೂರು ಸ್ಕ್ರೂ. ನೋಡಲು ಒಂದೇ ತರ, ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗದಲ್ಲಿ ತಿರುವಿದರೆ ಮೇಲಿನ ಕೀಲಿಮಣೆ ಕಡೆ ಗುಬ್ಬಿ ಏಳುತ್ತದೆ, ಇಲ್ಲವೇ ಏನಾದರೂ ಚುಚ್ಚಿ ಹಾಳಾಗುತ್ತದೆ. ತಪ್ಪು ಪ್ರಿಂಟಾಗಿ ಉಳಿದ ಲಗ್ನಪತ್ರಿಕೆಯ ದಪ್ಪ ಹಾಳೆ ನಮ್ಮಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ. ಒಂದರ ಹಿಂದೆ ಲ್ಯಾಪ್‌ಟಾಪಿನ ಚಿತ್ರ ಗೀಚಿದೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಚಿತ್ರದಲ್ಲಿ ಅದೇ ಜಾಗಕ್ಕೆ ಸೂಜಿಯಿಂದ ತೂತು ಮಾಡಿ ಚುಚ್ಚಿಟ್ಟೆ. ಈಗಲೂ ಆ ಹಾಳೆ ಇದೆ. ಒಂದು ಕಡೆ ಹದಿಮೂರು ತೂತು, ಇನ್ನೊಂದು ಕಡೆ ‘ತಮ್ಮ ಆಗಮನಾಭಿಲಾಷಿಗಳು’.

ಮುಚ್ಚಳ ಎಬ್ಬಿಸಲು ಸ್ಕ್ರೂಡ್ರೈವರ್ ತೂರಿಸಬೇಡಿ, ಪ್ಲಾಸ್ಟಿಕ್ಕಿಗೆ ಕಚ್ಚು ಬೀಳುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು ಸಾಕು. ಟಕ್ ಟಕ್ ಅಂತ ಒಂದೊಂದೇ ಕೊಂಡಿ ಬಿಡುತ್ತದೆ.

ಒಳಗೆ ನೋಡಿ ನಾಚಿಕೆ ಆಯಿತು. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಒಂದು ಬೂದಿ ಬಣ್ಣದ ಪಟ್ಟಿ ಕೂತಿತ್ತು. ಪೇಪರ್ ಕತ್ತರಿಸಿದ ಪುಡಿ, ರಸ್ತೆ ಧೂಳು, ಹತ್ತು ವರ್ಷದ ಊದುಬತ್ತಿ ಹೊಗೆ ಎಲ್ಲ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬಂತು. ಬಿಸಿ ಗಾಳಿ ಹೊರಗೆ ಹೋಗಲು ದಾರಿಯೇ ಇರಲಿಲ್ಲ! ಪ್ರೊಸೆಸರ್ ಮೇಲೆ ಬಿಸಿ ದಾಟಿಸಲು ಬಳಿದಿರುವ ಪೇಸ್ಟ್ ಒಣಗಿ ಗೋಡೆ ಸುಣ್ಣದ ಚೆಕ್ಕೆಯಂತಾಗಿತ್ತು. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ ಅಕ್ಕಿಕಾಳಿನಷ್ಟು ಹೊಸದು ಹಾಕಿದೆ. ಜಾಸ್ತಿ ಬಳಿದರೆ ಜಾಸ್ತಿ ತಂಪು ಅಂತ ಏನಿಲ್ಲ.

ಡಿಸ್ಕ್ ಬದಲಿಸುವುದು ಇದರ ಮುಂದೆ ಏನೂ ಅಲ್ಲ. ನಾಲ್ಕು ಸ್ಕ್ರೂ ಬಿಚ್ಚಿ, ಹಳೇದರ ಕಬ್ಬಿಣದ ಚೌಕಟ್ಟನ್ನು ಹೊಸದಕ್ಕೆ ಕೂರಿಸಿ, ಒಳಗೆ ತಳ್ಳಿದೆ. ಐದು ನಿಮಿಷ.

ವಿಂಡೋಸನ್ನು ಹೊಸದಾಗಿಯೇ ಹಾಕಿದೆ. ಹಳೇದನ್ನು ಹಾಗೇ ಎತ್ತಿ ಇಡಲೂ ಬರುತ್ತದೆ, ಆದರೆ ಕೆಟ್ಟ ಡಿಸ್ಕಿನ ಕಸವೂ ಜೊತೆಗೆ ಬರುತ್ತದಲ್ವಾ. 8 ಜಿಬಿ ಪೆನ್‌ಡ್ರೈವ್ ಸಾಕಾಯಿತು. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಾದರೂ ಇಂಟರ್ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಯಿತು.

ಸೋಮವಾರ ಬೆಳಗ್ಗೆ ಬಟನ್ ಒತ್ತಿ ಪೊರಕೆ ಹಿಡಿದೆ. ಬಾಗಿಲವರೆಗೆ ಹೋಗಿ ತಿರುಗಿ ನೋಡಿದರೆ ಪರದೆ ರೆಡಿ. ಹತ್ತೊಂಬತ್ತು ಸೆಕೆಂಡು. ಬಾಕಿ ಕಸ ಆಮೇಲೆ ಗುಡಿಸಿದೆ.

ಇಷ್ಟೆಲ್ಲ ಹೇಳಿ ಒಂದನ್ನು ಮುಚ್ಚಿಡಬಾರದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. 11 ಹಾಕೋಣ ಅಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚೆಯದು ಬೇಕು. ನನ್ನದು ನಾಲ್ಕನೆಯದು. ಕಳ್ಳದಾರಿ ಇದೆ ಅಂತ ಅಕ್ಕನ ಮಗ ಹೇಳಿದ, ದುಡಿಮೆಯ ಮಷೀನಿಗೆ ಅದು ಬೇಡ ಅಂದೆ. ವಿಂಡೋಸ್ ಬದಲಿಗೆ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿದೆ. ಚೆನ್ನಾಗಿತ್ತು, ನಿಜಕ್ಕೂ ಹಗುರ, ಯುನಿಕೋಡ್ ಕನ್ನಡವೂ ಸಲೀಸು. ಆದರೆ ನನ್ನ ಹಳೇ ಕಾರ್ಡುಗಳೆಲ್ಲ ಕೋರೆಲ್‌ನಲ್ಲಿವೆ, ಅದು ಲಿನಕ್ಸ್‌ಗೆ ಬರುವುದಿಲ್ಲ. ಮನೆಯಲ್ಲಿ ಯೂಟ್ಯೂಬ್ ನೋಡಲು, ಪತ್ರ ಟೈಪ್ ಮಾಡಲು ಅಂದರೆ ಕಣ್ಣು ಮುಚ್ಚಿ ಹಾಕಿಕೊಳ್ಳಿ. ನಮ್ಮಂಥ ಡಿಟಿಪಿಯವರಿಗೆ ಕಷ್ಟ. ಸದ್ಯಕ್ಕೆ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಕೊಟ್ಟು, ದುಡ್ಡು ಕೊಡದೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆದಿದ್ದೇನೆ. ಬ್ಯಾಂಕಿನ ವ್ಯವಹಾರ ಅದರಲ್ಲಿ ಮಾಡುವುದಿಲ್ಲ.

ಲ್ಯಾಪ್‌ಟಾಪ್ ಚುರುಕಾದ ಮೇಲೆ ಕಣ್ಣು ಬಿದ್ದದ್ದು ಅದರ ಡಿವಿಡಿ ಡ್ರೈವ್ ಮೇಲೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹುಡುಕಬೇಕು. ಬೀರುವಿನಲ್ಲಿ ನಮ್ಮ ಮದುವೆಯ ಡಿವಿಡಿ ಇತ್ತು, 2007ರದ್ದು. ಪ್ಲೇಯರ್ ಗುಜರಿಗೆ ಹೋಗಿ ಎಷ್ಟೋ ವರ್ಷ ಆಯಿತು. ತಟ್ಟೆ ತುಂಬ ಬೆರಳಚ್ಚು. ಸೋಪಿನ ನೀರಲ್ಲಿ ತೊಳೆದು, ಮೆತ್ತಗಿನ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿದೆ. ಸುತ್ತಲೂ ಉಜ್ಜಬಾರದು. ಗೀರು ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಎರಡು ಕಡೆ ತಡವರಿಸಿತು, ಕೊನೆಗೆ ಪೂರ್ತಿ ಕಾಪಿ ಆಯಿತು. ಒಂದೊಂದು ಜಿಬಿಯ ತುಂಡುಗಳು.

ಅವನ್ನು ಜೋಡಿಸಿ ಒಂದೇ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಲು ಹೋದರೆ ‘ಫೈಲ್ ದೊಡ್ಡದಾಯಿತು’ ಅನ್ನುತ್ತದೆ. ಪೆನ್‌ಡ್ರೈವಿನಲ್ಲಿ ಹದಿನೈದು ಜಿಬಿ ಖಾಲಿ ಇದೆ! ಫ್ಯಾಟ್32 ಅನ್ನುವ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಬೇರೆ ರೀತಿ ಫಾರ್ಮ್ಯಾಟ್ ಮಾಡಿದರೆ ನಮ್ಮ ಟಿವಿ ಓದಲ್ಲ. ಅದಕ್ಕೆ ಹ್ಯಾಂಡ್‌ಬ್ರೇಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಸಣ್ಣದು ಮಾಡಿದೆ. ಮೊದಲ ಸಲ ಮಾಡಿದ್ದು ನೋಡಿದರೆ ಆರತಿ ತಟ್ಟೆ ಆಡಿದಾಗೆಲ್ಲ ಅಂಚಿನಲ್ಲಿ ಬಾಚಣಿಗೆ ಹಲ್ಲು. ಆ ಕಾಲದ ಕ್ಯಾಮೆರಾ ಒಂದು ಚಿತ್ರವನ್ನು ಬೆಸ ಗೆರೆ, ಸರಿ ಗೆರೆ ಅಂತ ಎರಡು ಕಂತಿನಲ್ಲಿ ಹಿಡಿಯುತ್ತಿತ್ತು. ನಡುವೆ ಕೈ ಸರಿದರೆ ಗೆರೆಗಳು ತಪ್ಪುತ್ತವೆ. ಡಿಇಂಟರ್‌ಲೇಸ್ ಅನ್ನುವುದನ್ನು ಆನ್ ಮಾಡಿ ಇನ್ನೊಮ್ಮೆ ಬಿಟ್ಟೆ. ಐ3 ಪಾಪ, ಮೂರು ಗಂಟೆ ಬುಸುಗುಟ್ಟಿತು. ಆದರೆ ಫ್ಯಾನ್ ಬಾಯಿಂದ ಬಿಸಿ ಗಾಳಿ ಸರಿಯಾಗಿ ಹೊರಗೆ ಬರುತ್ತಿತ್ತು.

ರಾತ್ರಿ ಟಿವಿಗೆ ಹಾಕಿದೆ. ಮಂಡಕ್ಕಿ, ಮೆಣಸಿನಕಾಯಿ ತಂದಿದ್ದೆ. ನಮ್ಮ ಮನೆಯವರು ತಮ್ಮ ತಲೆಗೂದಲು ನೋಡಿಕೊಂಡು ಸುಮ್ಮನಾದರು. ಮಗಳು ನನ್ನ ಜಡೆಬಿಲ್ಲೆ ನೋಡಿ ಬಿದ್ದು ಬಿದ್ದು ನಕ್ಕಳು. ಧಾರೆ ಮುಗಿದು ಊಟದ ಪಂಕ್ತಿ ಬಂತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು.

"ತಡಿ, ತಡಿ, ಹಿಂದಕ್ಕೆ ಬಿಡು. ಆ ಹಿತ್ತಾಳೆ ಕೊಳಗ ನೋಡು. ನಮ್ದೇ ಅದು. ಮದಿವಿ ಮುಗುದ್ ಮ್ಯಾಲೆ ವಾಪಸ್ ಬರಲೇ ಇಲ್ಲ. ಹೊತ್ಕಂಡ್ ಹೊಂಟೋನು ಯಾರು ನೋಡಾನ, ನಿಲ್ಸು."

ನಿಲ್ಲಿಸಿದೆ. ಅವನ ಬೆನ್ನು ಮಾತ್ರ ಕಾಣುತ್ತಿತ್ತು.