ಸಿಬಿಲ್ ಸ್ಕೋರ್ ಇಲ್ಲವೇ? ಎಫ್‌ಡಿ ಮೇಲೆ ಕ್ರೆಡಿಟ್ ಕಾರ್ಡ್ ಕೇಳಿ

ಸಾಲವನ್ನೇ ಮಾಡಿಲ್ಲ, ಆದರೂ ಬ್ಯಾಂಕ್ ಕಾರ್ಡ್ ಕೊಡುತ್ತಿಲ್ಲ ಅಂತ ಗ್ರೂಪಿನಲ್ಲಿ ಕೆಲವರು ಕೇಳಿದ್ದರು. ಸಿಬಿಲ್ ಸ್ಕೋರ್ ಅಂದರೆ ಸಾಲವನ್ನು ಹೇಗೆ ತೀರಿಸಿದ್ದೀರಿ ಅಂತ ನೋಡಿ ಕೊಡುವ ಅಂಕ. ಸಾಲ ಮಾಡದಿದ್ದರೆ ಸ್ಕೋರ್ ಕೂಡ ಇರುವುದಿಲ್ಲ, ಅದೇ ತೊಂದರೆ. ಅಂಥವರಿಗೂ, ಹಿಂದೆ ಕಂತು ತಪ್ಪಿ ಸ್ಕೋರ್ ಬಿದ್ದವರಿಗೂ ಎಫ್‌ಡಿ (ನಿಶ್ಚಿತ ಠೇವಣಿ) ಮೇಲಿನ ಕ್ರೆಡಿಟ್ ಕಾರ್ಡ್, ಅಂದರೆ ಬ್ಯಾಂಕಿನಲ್ಲಿ ಇಟ್ಟ ಠೇವಣಿಯನ್ನೇ ಭದ್ರತೆಯಾಗಿ ಕೊಟ್ಟು ಪಡೆಯುವ ಕಾರ್ಡ್, ಸುಲಭದ ದಾರಿ. ಸಾಮಾನ್ಯವಾಗಿ ಸಂಬಳದ ಸ್ಲಿಪ್ ಕೇಳುವುದಿಲ್ಲ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಆದರೆ ಕಾರ್ಡ್ ಇರುವವರೆಗೆ ಆ ದುಡ್ಡು ಕೈಗೆ ಸಿಗುವುದಿಲ್ಲ, ಆಸ್ಪತ್ರೆ ಖರ್ಚಿಗೆ ಅಂತ ಇಟ್ಟದ್ದನ್ನು ಇದಕ್ಕೆ ಹಾಕಬೇಡಿ.

ಕಾರ್ಡ್ ಬಂದ ಮೇಲೆ ಬಳಸುವ ರೀತಿಯೇ ಮುಖ್ಯ. ಲಿಮಿಟ್ 20,000 ಇದ್ದರೆ 6,000 ದಾಟದಿರಿ. ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್ ಸಾಕು, ಸುಮ್ನೆ ಜಾಸ್ತಿ ಖರ್ಚು ಮಾಡಿದರೆ ಸ್ಕೋರ್ ಏರುವುದಿಲ್ಲ. ‘ಮಿನಿಮಮ್ ಡ್ಯೂ’ (ಬಿಲ್‌ನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿದರೆ ಉಳಿದದ್ದಕ್ಕೆ ತಿಂಗಳಿಗೆ ಶೇ. 3ರ ಆಸುಪಾಸು ಬಡ್ಡಿ ಬೀಳಬಹುದು. ಪೂರ್ತಿ ಬಿಲ್‌ಗೆ ಆಟೋ ಡೆಬಿಟ್ ಹಾಕಿಬಿಡಿ. ಎಟಿಎಂನಲ್ಲಿ ಈ ಕಾರ್ಡಿನಿಂದ ದುಡ್ಡು ತೆಗೆಯಲೇಬೇಡಿ, ಅವತ್ತಿನಿಂದಲೇ ಬಡ್ಡಿ ಶುರು.

ಎಫ್‌ಡಿ ಇದೆಯಲ್ಲ, ಬ್ಯಾಂಕೇ ಹಿಡಿದುಕೊಳ್ಳಲಿ ಅಂತ ಬಿಲ್ ಬಿಟ್ಟರೆ ಎಫ್‌ಡಿಯೂ ಹೋಗುತ್ತದೆ, ಸ್ಕೋರೂ ಹೋಗುತ್ತದೆ.

ಕೆಲವು ತಿಂಗಳ ನಂತರ ನಿಮ್ಮ ಕ್ರೆಡಿಟ್ ರಿಪೋರ್ಟ್ (ಸಾಲ, ಕಾರ್ಡ್‌ಗಳ ದಾಖಲೆ) ನೋಡಿ, ಕಾರ್ಡ್ ಅದರಲ್ಲಿ ಕಾಣಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ದಾಖಲೆ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಬೇಕು.