ಸ್ಕಾಟ್ಲೆಂಡ್‌ ದ್ವೀಪಗಳ ನಡುವೆ ನಾಲ್ಕು ದಿನ: ಕಯಾಕ್‌ನಲ್ಲಿ ಹೊರಡುವ ಮುನ್ನ, ಹೊರಟ ಮೇಲೆ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ನಕ್ಷೆ ನೋಡಿ. ಕಡಲು ನೆಲದೊಳಗೆ ಮೈಲುಗಟ್ಟಲೆ ನುಗ್ಗಿದೆ, ಅದರ ಬಾಯಲ್ಲಿ ದ್ವೀಪಗಳು ಚೆಲ್ಲಾಡಿವೆ. ದೊಡ್ಡ ಹಡಗು ಹೋಗಲಾಗದ, ರಸ್ತೆಯೂ ತಲುಪದ ಬಿಳಿ ಮರಳಿನ ಮೂಲೆಗಳಿಗೆ ಕಯಾಕ್‌ ಎಂಬ ಕಿರಿದಾದ ಹುಟ್ಟುದೋಣಿ ಹೋಗುತ್ತದೆ, ರಾತ್ರಿ ಅಲ್ಲೇ ಡೇರೆ ಹಾಕಬಹುದು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೂ ರಜೆಗೆಂದು ಅಲ್ಲಿಗೆ ಹೋಗುವವರಿಗೂ ಇದು ಕೈಗೆಟಕುವ ಪ್ರವಾಸವೇ. ಆದರೆ ಇದಕ್ಕೆ ತೋಳ್ಬಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಹೊತ್ತು ನೋಡುವ ಬುದ್ಧಿ. ಎಷ್ಟು ಹೊತ್ತಿಗೆ ಹೊರಡಬೇಕು, ಯಾವಾಗ ಹೊರಡಲೇಬಾರದು ಎಂಬುದು ತಿಳಿದಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲ ಸಲ ಹೋಗುವವರಿಗೆ ನಾವು ಹೇಳುವುದು ಅರಿಸೇಗ್‌ನಿಂದ ಐಲನ್‌ ಶೋನಾ ದ್ವೀಪವನ್ನು ಸುತ್ತಿ ಬರುವ ನಾಲ್ಕು ದಿನದ ದಾರಿ. ಗ್ಲಾಸ್ಗೋದಿಂದ ಮ್ಯಾಲೇಗ್‌ ಕಡೆಗೆ ಹೋಗುವ ರೈಲು ಸುಮಾರು 5 ಗಂಟೆಯಲ್ಲಿ ಅರಿಸೇಗ್‌ ಊರಿಗೇ ತಂದು ಇಳಿಸುತ್ತದೆ. ಈ ದಾರಿಯಲ್ಲಿ ಜೋರು ಸೆಳೆತದ ಕಿರುಗಾಲುವೆಗಳಿಲ್ಲ, ಕೆಟ್ಟ ಹವೆ ಬಂದರೆ ಹೊರಬೀಳುವ ಜಾಗಗಳೂ ಇವೆ. ಜೂರಾ ಮತ್ತು ಸ್ಕಾರ್ಬಾ ದ್ವೀಪಗಳ ನಡುವಿನ ಕೊರಿವ್ರೆಕನ್‌ ಸುಳಿಯ ಹೆಸರು ಕೇಳಿ ಆಸೆಪಡುವವರಿದ್ದಾರೆ. ಅಲ್ಲಿ ದೊಡ್ಡ ಉಬ್ಬರದ ದಿನ ಸೆಳೆತ 8 ನಾಟ್‌ (ಗಂಟೆಗೆ ಸುಮಾರು 15 ಕಿ.ಮೀ.) ಮೀರುತ್ತದೆ, ಕಯಾಕ್‌ನ ಸಹಜ ವೇಗ 3 ನಾಟ್‌. ಆ ಲೆಕ್ಕವೇ ಉತ್ತರ ಹೇಳುತ್ತದೆ.

ಮೊದಲು ಕಲಿಯಬೇಕಾದದ್ದು

ಸಾಲಿಗ್ರಾಮದ ಹಿನ್ನೀರಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕಿದ ಅನುಭವ ಒಳ್ಳೆಯದು, ಆದರೆ ಸಾಲದು. ಅಲ್ಲಿ ನೀರು ಬೆಚ್ಚಗೆ, ದೋಣಿ ಅಗಲ, ದಡ ಹತ್ತಿರ. ಸ್ಕಾಟ್ಲೆಂಡಿನ ಕಡಲು ಮೇ ತಿಂಗಳಲ್ಲಿ 9–10 ಡಿಗ್ರಿ ಸೆಲ್ಸಿಯಸ್‌, ಆಗಸ್ಟ್‌ನಲ್ಲೂ 13–14 ಡಿಗ್ರಿ ಅಷ್ಟೆ. ಅಂಥ ನೀರಿಗೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ಹತೋಟಿಗೆ ಸಿಗುವುದಿಲ್ಲ, ಏದುಸಿರು ತಾನಾಗಿ ಬರುತ್ತದೆ, ಬಾಯೊಳಗೆ ನೀರು ಹೋಗುವುದು ಆಗಲೇ. ಸುಮಾರು ಹತ್ತು ನಿಮಿಷದೊಳಗೆ ಬೆರಳುಗಳು ಹೇಳಿದ ಮಾತು ಕೇಳುವುದನ್ನು ಬಿಡುತ್ತವೆ. ಹಾಗಾಗಿ ಮಗುಚಿದಾಗ ಸ್ಪ್ರೇಡೆಕ್‌ (ಕೂರುವ ಕುಳಿಯ ಬಾಯಿಗೆ ಸೊಂಟದಿಂದ ಹಾಕುವ ಹೊದಿಕೆ) ಕಿತ್ತು ಹೊರಬರುವುದು, ಜೊತೆಗಾರರ ನೆರವಿನಿಂದ ಮೂರ್ನಾಲ್ಕು ನಿಮಿಷದಲ್ಲಿ ಮತ್ತೆ ದೋಣಿ ಏರುವುದು, ಇವೆರಡನ್ನೂ ತಣ್ಣೀರಿನಲ್ಲಿ, ತುಂಬಿದ ದೋಣಿಯಲ್ಲಿ ಅಭ್ಯಾಸ ಮಾಡಿರಬೇಕು. ಒಂದೇ ದಿನದಲ್ಲಿ 20 ಕಿ.ಮೀ. ಹೋಗಿ ಮರುದಿನವೂ ಹುಟ್ಟು ಹಿಡಿಯುವ ಶಕ್ತಿ ಇರಬೇಕು. ಇವು ಇಲ್ಲದಿದ್ದರೆ ಮೊದಲ ಪ್ರವಾಸಕ್ಕೆ ಅರ್ಹ ಗೈಡ್‌ ಜೊತೆ ಹೋಗಿ. ಅನುಭವ ಇದ್ದವರೂ ಮೂವರಿಗಿಂತ ಕಡಿಮೆ ಇರಬೇಡಿ: ಒಬ್ಬ ನೀರಿನಲ್ಲಿದ್ದರೆ ಒಬ್ಬ ಎತ್ತಬೇಕು, ಇನ್ನೊಬ್ಬ ಇಬ್ಬರನ್ನೂ ಬಂಡೆಯಿಂದ ಆಚೆ ಎಳೆಯಬೇಕು.

ದಿನ ಗೊತ್ತುಮಾಡಲು ಪಂಚಾಂಗ

ಮೇ ತಿಂಗಳಿನಿಂದ ಜೂನ್‌ ಮೊದಲ ವಾರದವರೆಗೆ ಒಳ್ಳೆಯ ಕಾಲ. ನೀರು ತಣ್ಣಗೇ ಇರುತ್ತದೆ, ಆದರೆ ಮಳೆ ಕಡಿಮೆ, ಮಿಡ್ಜ್‌ ಎಂಬ ಕಚ್ಚುವ ನೊರಜಿನ ಕಾಟ ಇನ್ನೂ ಶುರುವಾಗಿರುವುದಿಲ್ಲ. ಬೆಳಕೂ ಧಾರಾಳ: ಜೂನ್‌ ನಡುವಿನಲ್ಲಿ ಬೆಳಿಗ್ಗೆ 4.30ಕ್ಕೆ ಹುಟ್ಟಿದ ಸೂರ್ಯ ರಾತ್ರಿ 10 ದಾಟಿದ ಮೇಲೆ ಮುಳುಗುತ್ತಾನೆ.

ಆ ತಿಂಗಳೊಳಗೆ ಯಾವ ನಾಲ್ಕು ದಿನ ಎಂಬುದಕ್ಕೆ ಮನೆಯ ಗೋಡೆಯ ಕ್ಯಾಲೆಂಡರ್‌ ಸಾಕು. ದೊಡ್ಡ ಉಬ್ಬರ, ಅಂದರೆ ಸ್ಪ್ರಿಂಗ್‌, ಬರುವುದು ಹುಣ್ಣಿಮೆ-ಅಮಾವಾಸ್ಯೆಯ ದಿನವೇ ಅಲ್ಲ, ಒಂದೆರಡು ದಿನ ಕಳೆದು, ಬಿದಿಗೆ-ತದಿಗೆಗೆ. ಸಣ್ಣ ಉಬ್ಬರ, ಅಂದರೆ ನೀಪ್‌, ದಶಮಿಯ ಆಸುಪಾಸಿಗೆ. ಮ್ಯಾಲೇಗ್‌ನಲ್ಲಿ ಸ್ಪ್ರಿಂಗ್‌ ದಿನ ನೀರು ನಾಲ್ಕು ಮೀಟರಿಗಿಂತ ಹೆಚ್ಚು ಏರಿಳಿಯುತ್ತದೆ, ನೀಪ್‌ ದಿನ ಎರಡು ಮೀಟರಿಗೂ ಕಡಿಮೆ. ಇನ್ನೊಂದು ವಿಷಯ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಈ ಕರಾವಳಿಯಲ್ಲಿ ಸ್ಪ್ರಿಂಗ್‌ ದಿನಗಳ ತುಂಬು ಉಬ್ಬರ ಸುಮಾರಾಗಿ ಬೆಳಿಗ್ಗೆ 7–8ಕ್ಕೆ ಮತ್ತು ಸಂಜೆ 7–8ಕ್ಕೇ ಬರುತ್ತದೆ, ನೀಪ್‌ ದಿನಗಳಲ್ಲಿ ಮಧ್ಯಾಹ್ನ 1–2ರ ಸುಮಾರಿಗೆ. ಅಷ್ಟಮಿಯಿಂದ ದ್ವಾದಶಿಯೊಳಗಿನ ನಾಲ್ಕು ದಿನ ಆರಿಸಿಕೊಂಡರೆ ಸೆಳೆತವೂ ಕಡಿಮೆ, ದೋಣಿ ಹೊರುವ ದೂರವೂ ಕಡಿಮೆ.

ತಿಥಿ ಅಂದಾಜಿಗಷ್ಟೆ. ನಿಖರವಾದ ಹೊತ್ತಿಗೆ ಉಬ್ಬರದ ಪಟ್ಟಿ ಬೇಕೇ ಬೇಕು. ಮುದ್ರಿತ ಪಟ್ಟಿಗಳು ಹೆಚ್ಚಾಗಿ ಗ್ರೀನ್‌ವಿಚ್‌ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಈ ಒಂದು ಗಂಟೆ ಮರೆತು ಕೆಸರಿನಲ್ಲಿ ಕೂರುವುದು ಹೊಸಬರಲ್ಲಿ ತೀರಾ ಸಾಮಾನ್ಯ.

ದೋಣಿ ತುಂಬುವ ಬಗೆ

ಸುಮಾರು 5 ಮೀಟರ್‌ ಉದ್ದ, 55 ಸೆಂ.ಮೀ. ಅಗಲದ, ಒಳಗೆ ನೀರು ನುಗ್ಗದ ಅಡ್ಡಗೋಡೆಗಳಿರುವ ಸೀ ಕಯಾಕ್‌ ಬಾಡಿಗೆಗೆ ತೆಗೆದುಕೊಳ್ಳಿ. ಪಡೆಯುವಾಗಲೇ ಹ್ಯಾಚ್‌, ಅಂದರೆ ಸಾಮಾನು ತುಂಬುವ ಗೂಡಿನ, ಮುಚ್ಚಳದ ರಬ್ಬರ್‌ ಅಂಚನ್ನು ಬೆರಳಾಡಿಸಿ ನೋಡಿ. ಬಿರುಕು ಬಿಟ್ಟಿದ್ದರೆ ಬೇರೆ ಕೇಳಿ. ಸ್ಕೆಗ್‌ ಎಂದರೆ ದೋಣಿಯ ಹಿಂಭಾಗದ ಅಡಿಯಲ್ಲಿ ಇಳಿಬಿಡುವ ಸಣ್ಣ ರೆಕ್ಕೆ. ಅದನ್ನು ಎರಡು ಸಲ ಇಳಿಸಿ ಏರಿಸಿ. ದಡದಿಂದ ಜಾರುವಾಗ ಅದರ ಗೂಡಿಗೆ ಬೆಣಚುಕಲ್ಲು ಸಿಕ್ಕಿಕೊಂಡು ರೆಕ್ಕೆ ಇಳಿಯದೆ ಹೋಗುತ್ತದೆ. ಅದಕ್ಕೇ ಸ್ಕೆಗ್‌ ತುದಿಯ ತೂತಿಗೆ ಗೇಣುದ್ದದ ದಾರ ಕಟ್ಟಿಡಿ, ಜೊತೆಗಾರರು ನೀರಿನಲ್ಲೇ ಎಳೆದು ಬಿಡಿಸಬಹುದು.

ಮೈಮೇಲೆ ನೀರು ಒಳಬಿಡದ ಡ್ರೈಸೂಟ್‌, ಅದರೊಳಗೆ ಉಣ್ಣೆಯ ಅಥವಾ ಫ್ಲೀಸ್‌ ಬಟ್ಟೆ, ಮೇಲೆ ಲೈಫ್‌ ಜಾಕೆಟ್‌. ಹತ್ತಿ ಬಟ್ಟೆ ಬೇಡ. ಡೆಕ್ಕಿನ ಮೇಲೆ ಎರಡು ತುಂಡಾಗುವ ಹೆಚ್ಚುವರಿ ಹುಟ್ಟು, ನೀರೆತ್ತುವ ಪಂಪ್‌, ದಿಕ್ಸೂಚಿ, ನೀರು ಹೋಗದ ಚೀಲದಲ್ಲಿ ನಕ್ಷೆ. ಗುಂಪಿಗೆ ಕನಿಷ್ಠ ಎರಡು ಎಳೆಹಗ್ಗ, ತಲಾ 15 ಮೀಟರ್‌.

ಸಾಮಾನು ತುಂಬುವುದರಲ್ಲಿ ತಪ್ಪುವವರೇ ಹೆಚ್ಚು. ಟ್ರೆಕ್ಕಿಂಗ್‌ಗೆ ಒಯ್ಯುವ 60 ಲೀಟರ್‌ ಬ್ಯಾಗ್‌ ಇಲ್ಲಿ ಕೆಲಸಕ್ಕೆ ಬಾರದು, ಮುಂದಿನ ಹ್ಯಾಚ್‌ನ ಬಾಯಿ ಊಟದ ತಟ್ಟೆಗಿಂತ ಕಿರಿದು. ನೀರು ಒಳಹೋಗದ, 5ರಿಂದ 10 ಲೀಟರಿನ ಡ್ರೈಬ್ಯಾಗ್‌ಗಳು ಹತ್ತು-ಹನ್ನೆರಡು ಇರಲಿ. ಗಾಳಿ ಹಿಂಡಿ ತೆಗೆದು ಬಾಯಿಯನ್ನು ಮೂರು ಸುತ್ತು ಮಡಚಿ. ಡೇರೆಯ ಬಟ್ಟೆ ಒಂದು ಚೀಲಕ್ಕೆ, ಕಂಬಗಳು ಬಿಡಿಯಾಗಿ ಮೂತಿಯ ಕಿರಿದಾದ ತುದಿಗೆ. ಮಲಗುವ ಚೀಲ, ಬಟ್ಟೆಯಂಥ ಹಗುರ ವಸ್ತು ಎರಡೂ ತುದಿಗಳಿಗೆ. ನೀರು, ಡಬ್ಬಿ, ಒಲೆಯಂಥ ಭಾರದ್ದೆಲ್ಲ ನೀವು ಕೂರುವ ಜಾಗದ ಹಿಂದೆ ಮುಂದೆ, ತಳಕ್ಕೆ ತಾಗಿ. ಭಾರ ಮೂತಿಗೆ ಹೋದರೆ ದೋಣಿ ಅಲೆಯೊಳಗೆ ಮೂಗು ತೂರುತ್ತದೆ, ಗಾಳಿಗೆ ತಾನೇ ತಿರುಗುತ್ತದೆ. ಎಡಬಲ ಒಂದು ಕಿಲೋ ಹೆಚ್ಚುಕಡಿಮೆಯಾದರೂ ಸಂಜೆಗೆ ಸೊಂಟ ಹೇಳುತ್ತದೆ. ತುಂಬಿದ ದೋಣಿ 60 ಕಿಲೋ ದಾಟುತ್ತದೆ. ಎಳೆಯಬೇಡಿ, ಅಡಿಯಲ್ಲಿ ಎರಡು ಪಟ್ಟಿ ಹಾಕಿ ನಾಲ್ಕು ಜನ ಎತ್ತಿ. ಜನ ಕಡಿಮೆಯಿದ್ದರೆ ಖಾಲಿ ದೋಣಿ ಮೊದಲು, ಸಾಮಾನು ಆಮೇಲೆ.

ವಿಮಾನದಲ್ಲಿ ಗ್ಯಾಸ್‌ ಕ್ಯಾನಿಸ್ಟರ್‌ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಊರಿನಿಂದ ಒಯ್ಯುವುದಾದರೆ ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಪುಡಿ, ಚಟ್ನಿಪುಡಿಯಂಥ ಒಣ ಪದಾರ್ಥ ಸರಿ. ಹಾಲಿನ ಪದಾರ್ಥ, ಮಾಂಸ ಭಾರತದಿಂದ ಬ್ರಿಟನ್ನಿಗೆ ತರುವಂತಿಲ್ಲ. ಗಾಳಿ ಬೀಸುವ ದಡದಲ್ಲಿ ನೀರು ಕುದಿಯಲು ಹೊತ್ತು ಹಿಡಿಯುತ್ತದೆ, ಬಿಸಿನೀರು ಹಾಕಿದರೆ ನೆನೆಯುವ ಅವಲಕ್ಕಿಗೆ ಸಮ ಇನ್ನೊಂದಿಲ್ಲ.

ದಾರಿ

ಮೊದಲ ದಿನ ಅರಿಸೇಗ್‌ನಿಂದ ನೀರು ಇರುವಾಗಲೇ ಹೊರಡಿ. ಊರಿನ ಮುಂದಿನ ಕೊಲ್ಲಿಯ ಒಳಭಾಗ ಇಳಿತದಲ್ಲಿ ಕೆಸರು ಮತ್ತು ಪಾಚಿ. ಬಾಯಲ್ಲಿರುವ ಬಂಡೆಗುಂಪುಗಳ ನಡುವೆ ನೀರು ಹಸಿರು-ನೀಲಿ, ತಳದಲ್ಲಿ ಚಿಪ್ಪಿನ ಬಿಳಿ ಮರಳು, ಬಂಡೆಗಳ ಮೇಲೆ ಸೀಲ್‌ಗಳು. ಅವು ತಲೆಯೆತ್ತಿ ನೋಡಿದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ, ನೀರಿಗೆ ಜಾರುವ ಮೊದಲೇ ಸರಿಯಿರಿ. ಹೆದರಿಸಿ ಓಡಿಸಿದರೆ ಮರಿಗಳು ತಾಯಿಯಿಂದ ಬೇರಾಗುತ್ತವೆ, ಅವುಗಳ ಗುರುತಿಸಿದ ವಿಶ್ರಾಂತಿ ತಾಣಗಳಲ್ಲಿ ಹಾಗೆ ಮಾಡುವುದು ಅಪರಾಧವೂ ಹೌದು. ಸುಮಾರು 7 ಕಿ.ಮೀ. ನೈಋತ್ಯಕ್ಕಿರುವ ಪೋರ್ಟ್‌ ನಾಮ್‌ ಮುರಾಕ್‌ ಮರಳದಂಡೆ ಮೊದಲ ರಾತ್ರಿಗೆ ಸಾಕು.

ಎರಡನೆಯ ದಿನ ಸೌಂಡ್‌ ಆಫ್‌ ಅರಿಸೇಗ್‌ ಎಂಬ ಕೊಲ್ಲಿ ದಾಟಿ ಸಮಲಮನ್‌ ಕಡೆಗೆ 6–7 ಕಿ.ಮೀ. ತೆರೆದ ನೀರು, ಸುಮಾರು ಒಂದೂವರೆ ಗಂಟೆ. ಗ್ಲೆನೂಯಿಗ್‌ ಹತ್ತಿರ ರಸ್ತೆ ಸಿಗುತ್ತದೆ, ಯಾರಿಗಾದರೂ ಕೈಲಾಗದಿದ್ದರೆ ಅಲ್ಲಿ ಇಳಿಯಬಹುದು. ದಡ ಹಿಡಿದು ಇನ್ನೂ 5 ಕಿ.ಮೀ. ಹೋದರೆ ಲಾಕ್‌ ಮೊಯ್ಡಾರ್ಟ್‌ ಎಂಬ ಕಡಲ ಒಳಚಾಚಿನ ಉತ್ತರ ಕಾಲುವೆ.

ಮೂರನೆಯ ದಿನ ಶೋನಾ ಸುತ್ತು, ಸುಮಾರು 14 ಕಿ.ಮೀ. ಇಲ್ಲಿ ಗಡಿಯಾರ ಕಟ್ಟುನಿಟ್ಟು: ಉತ್ತರ ಕಾಲುವೆಯ ಪೂರ್ವ ತುದಿ ಇಳಿತದಲ್ಲಿ ಬತ್ತಿ, ದ್ವೀಪಕ್ಕೆ ಕಾಲ್ನಡಿಗೆಯ ದಾರಿಯಾಗುತ್ತದೆ. ತುಂಬು ಉಬ್ಬರದ ಆಚೀಚೆ ಒಂದು ಗಂಟೆಯೊಳಗೆ ದಾಟಿ. ನೀಪ್‌ ದಿನ ನೀರು ತೆಳುವಾಗಿ ಕಂಡರೆ ಇಳಿದು ದೋಣಿಯನ್ನು ಕೈಹಿಡಿದು ನಡೆಸಿ. ಆಚೆ ಬದಿಗೆ ಟೈರಮ್‌ ಕೋಟೆಯ ಪಾಳು ಗೋಡೆಗಳು. ಶೋನಾದ ಪಶ್ಚಿಮ ಬದಿ ತೆರೆದ ಕಡಲಿಗೆ ಮುಖಮಾಡಿದೆ, ಸ್ವೆಲ್‌, ಅಂದರೆ ದೂರದ ಕಡಲಿನಿಂದ ಬರುವ ಉದ್ದನೆಯ ಅಲೆ, ದೊಡ್ಡದಿದ್ದರೆ ಆ ಬದಿಗೆ ಹೋಗದೆ ಬಂದ ದಾರಿಯಲ್ಲೇ ಮರಳಿ. ನಾಲ್ಕನೆಯ ದಿನ ಮರುಪ್ರಯಾಣ. ಕೈಯಲ್ಲಿ ಐದನೆಯ ದಿನವೊಂದು ಇರಲೇಬೇಕು, ರೈಲಿನ ಟಿಕೆಟ್‌ ಹಿಡಿದು ಗಾಳಿಗೆ ಎದುರಾದವರೇ ಅಪಾಯಕ್ಕೆ ಸಿಕ್ಕುವುದು.

ಪ್ರತಿದಿನ ಬೆಳಿಗ್ಗೆ ಬ್ರಿಟನ್ನಿನ ಹವಾಮಾನ ಸಂಸ್ಥೆ ಮೆಟ್‌ ಆಫೀಸ್‌ನ ಕರಾವಳಿ ಮುನ್ಸೂಚನೆಯಲ್ಲಿ ‘ಆರ್ಡ್ನಮರ್ಕನ್‌ ಪಾಯಿಂಟ್‌ನಿಂದ ಕೇಪ್‌ ರಾತ್‌’ ಭಾಗವನ್ನು ಓದಿ. ಗಾಳಿಯ ಬಲ ಅಳೆಯುವ ಬೊಫೋರ್ಟ್‌ ಮಾಪನದಲ್ಲಿ 3ರವರೆಗೆ ಹಾಯಾಗಿ ಹೋಗಿ. 4 ಆದರೆ ದಡ ಬಿಟ್ಟು ದಾಟಬೇಡಿ. 5 ಇದ್ದರೆ ಡೇರೆಯಲ್ಲೇ ಇರಿ. ಗಾಳಿ ಒಂದು ಕಡೆ, ಸೆಳೆತ ಎದುರು ಕಡೆ ಇದ್ದರೆ 3ರಲ್ಲೂ ಅಲೆಗಳು ಗಿಡ್ಡಗೆ ಕಡಿದಾಗಿ ಏಳುತ್ತವೆ.

ದಾಟುವಾಗ ದೋಣಿ ಪಕ್ಕಕ್ಕೆ ಸರಿಯುವುದು ಗೊತ್ತೇ ಆಗುವುದಿಲ್ಲ. ಎದುರು ದಡದ ಒಂದು ಬಂಡೆ, ಅದರ ಹಿಂದಿನ ಬೆಟ್ಟದಲ್ಲೊಂದು ಗುರುತು, ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿದುಕೊಳ್ಳಿ. ಹಿಂದಿನ ಗುರುತು ಬಲಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ತೇಲುತ್ತಿದ್ದೀರಿ, ಮೂತಿಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ.

ಡೇರೆ ಮತ್ತು ದಡ

2003ರ ಭೂಸುಧಾರಣಾ ಕಾಯ್ದೆಯಿಂದಾಗಿ ಸ್ಕಾಟ್ಲೆಂಡಿನ ಬಹುಪಾಲು ಬಯಲಿನಲ್ಲಿ ಅನುಮತಿ ಕೇಳದೆ ಡೇರೆ ಹಾಕಬಹುದು. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಹಕ್ಕಿನ ಜೊತೆಗೆ ಹೊಣೆಯೂ ಇದೆ: ಸಣ್ಣ ಗುಂಪು, ಒಂದೇ ಕಡೆ ಎರಡು-ಮೂರು ರಾತ್ರಿಗಿಂತ ಹೆಚ್ಚಿಲ್ಲ, ಮನೆಗಳಿಂದ ದೂರ. ಮೇ-ಜೂನ್‌ನಲ್ಲಿ ದಡದ ಹುಲ್ಲು, ಬೆಣಚುಕಲ್ಲುಗಳ ನಡುವೆ ಹಕ್ಕಿಗಳು ಮೊಟ್ಟೆಯಿಡುತ್ತವೆ. ತಲೆಯ ಮೇಲೆ ಹಕ್ಕಿ ಕೂಗುತ್ತ ಎರಗಿದರೆ ಗೂಡು ಪಕ್ಕದಲ್ಲೇ ಇದೆ, ಜಾಗ ಬದಲಿಸಿ. ಮಲವಿಸರ್ಜನೆಗೆ ನೀರಿನಿಂದ 30 ಮೀಟರ್‌ ದೂರ ಹೋಗಿ, ಗುಂಡಿ ತೋಡಿ, ಮುಚ್ಚಿ. ಕಾಗದವನ್ನು ಚೀಲದಲ್ಲಿ ಹಿಂದೆ ತನ್ನಿ. ಹಳ್ಳದ ನೀರು ಸ್ಫಟಿಕದಂತಿದ್ದರೂ ಮೇಲೆ ಕುರಿ ಸತ್ತು ಬಿದ್ದಿರಬಹುದು, ಕುದಿಸಿಯೇ ಕುಡಿಯಿರಿ. ಸಣ್ಣ ದ್ವೀಪಗಳಲ್ಲಿ ಹಳ್ಳವೇ ಇರುವುದಿಲ್ಲ, ತಲೆಗೆ ದಿನಕ್ಕೆ 4 ಲೀಟರ್‌ ಹೊತ್ತಿರಿ.

ರಾತ್ರಿ ದೋಣಿ ಎಲ್ಲಿಡಬೇಕು ಎಂಬುದಕ್ಕೆ ಹನ್ನೆರಡನೇ ಒಂದಂಶದ ಲೆಕ್ಕ ಇದೆ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲಿನಂತೆ ನೀರು ಏರುತ್ತದೆ. ಒಟ್ಟು ಏರಿಕೆ 4.2 ಮೀಟರ್‌ ಎನ್ನಿ: ಮೊದಲ ಗಂಟೆಯಲ್ಲಿ ಬರೀ 35 ಸೆಂ.ಮೀ., ಮೂರನೆಯ ಗಂಟೆಯಲ್ಲಿ 105 ಸೆಂ.ಮೀ. ಇಪ್ಪತ್ತು ಮೀಟರಿಗೆ ಒಂದು ಮೀಟರ್‌ ಇಳಿಜಾರಿನ ಮರಳಿನಲ್ಲಿ ಆ ಒಂದು ಗಂಟೆಗೆ ನೀರಿನ ಅಂಚು 21 ಮೀಟರ್‌ ಮುಂದೆ ಬರುತ್ತದೆ. ಚಹಾ ಕಾಯಿಸುವಾಗ ದೂರವಿದ್ದ ಕಡಲು ಅನ್ನ ಬೇಯುವಷ್ಟರಲ್ಲಿ ದೋಣಿಯ ಕೆಳಗಿರುತ್ತದೆ. ಒಣಗಿದ ಪಾಚಿಯ ಅತಿ ಮೇಲಿನ ಗೆರೆಯನ್ನು ಹುಡುಕಿ, ಅದರಿಂದಲೂ ಮೇಲಕ್ಕೆ ದೋಣಿ ಇಡಿ, ಕಲ್ಲಿಗೆ ಕಟ್ಟಿ. ಕಟ್ಟಿದ ಮೇಲೂ ಹುಟ್ಟುಗಳನ್ನು ಡೇರೆಯ ಪಕ್ಕಕ್ಕೇ ತನ್ನಿ.

ಜೂನ್‌ ಕಳೆದ ಮೇಲೆ ಹೋದರೆ ಗಾಳಿ ತಾಗುವ ಎತ್ತರದ ಮೂಲೆ ಹುಡುಕಿ, ಮಿಡ್ಜ್‌ ಸಣ್ಣ ಗಾಳಿಗೂ ಹಾರಲಾರದು. ತಲೆಗೆ ಜಾಲರಿ ಇರಲಿ. ಉಣುಗಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಲ್ಲಿನ ಉಣುಗು ಲೈಮ್‌ ಕಾಯಿಲೆ ಹರಡುತ್ತದೆ. ರಾತ್ರಿ ಮೊಣಕಾಲಿನ ಹಿಂಬದಿ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಬಳೆಯಂಥ ಗುರುತು ಹರಡಿದರೆ ವೈದ್ಯರ ಬಳಿ ಹೋಗಿ.

ಸಹಾಯ ಕರೆಯಲು

ಮೊಬೈಲ್‌ ಸಿಗ್ನಲ್‌ ನಂಬುವಂತಿಲ್ಲ. ಲೈಫ್‌ ಜಾಕೆಟ್‌ಗೆ ಕಟ್ಟಿದ ಜಲನಿರೋಧಕ ವಿಎಚ್‌ಎಫ್‌ ರೇಡಿಯೊ ಇರಬೇಕು, ದೋಣಿಯೊಳಗಲ್ಲ. ಮಗುಚಿದಾಗ ನಿಮ್ಮ ಜೊತೆ ಇರುವುದು ಜಾಕೆಟ್‌ ಮಾತ್ರ. ತುರ್ತು ಕರೆಗೆ ಚಾನೆಲ್‌ 16. ಫೋನ್‌ ಸಿಕ್ಕರೆ 999ಕ್ಕೆ ಕರೆದು ‘ಕೋಸ್ಟ್‌ಗಾರ್ಡ್‌’ ಎಂದು ಕೇಳಿ. ಪೊಲೀಸರನ್ನು ಕೇಳಿದರೆ ಹೊತ್ತು ಹೋಗುತ್ತದೆ. ಹೊರಡುವ ಮೊದಲು ದಡದಲ್ಲಿರುವ ಒಬ್ಬರಿಗೆ ದಾರಿ, ದೋಣಿಗಳ ಬಣ್ಣ, ಜನರ ಸಂಖ್ಯೆ, ಯಾವ ಹೊತ್ತು ಮೀರಿದರೆ ಕೋಸ್ಟ್‌ಗಾರ್ಡ್‌ಗೆ ತಿಳಿಸಬೇಕು ಎಂಬುದನ್ನು ಬರೆದುಕೊಡಿ. ಅರಿಸೇಗ್‌ಗೆ ಮರಳಿದ ಕೂಡಲೇ, ಡ್ರೈಸೂಟ್‌ ಕಳಚುವ ಮೊದಲೇ, ಅವರಿಗೆ ಫೋನ್‌ ಮಾಡಿ. ಮರೆತರೆ ನೀವು ಚಹಾ ಕುಡಿಯುತ್ತಿರುವಾಗ ಲೈಫ್‌ಬೋಟ್‌ ಸಿಬ್ಬಂದಿ ನಿಮ್ಮನ್ನು ಹುಡುಕಲು ಕಡಲಿಗಿಳಿದಿರುತ್ತಾರೆ.